ಎಯು ಫ್ಯಾನ್ ಫಿಕ್ಷನ್‌ನಲ್ಲಿ ಪಾತ್ರವನ್ನು ಎಷ್ಟು ಬದಲಿಸಬಹುದು?

ನಿಮ್ಮ ಫ್ಯಾನ್ ಫಿಕ್ಷನ್‌ನಲ್ಲಿ, ಅಂದರೆ ಬೇರೆಯವರ ಕತೆಯ ಪಾತ್ರಗಳನ್ನಿಟ್ಟು ಅಭಿಮಾನಿಯಾಗಿ ಬರೆದ ಕತೆಯಲ್ಲಿ, ರಾಜ್ಯ ಕಳೆದುಕೊಂಡ ಯೋಧನೊಬ್ಬನನ್ನು ಮೂಲ ಕತೆಯಿಂದ ಎತ್ತಿ ತಂದು ಕಾಫಿ ಶಾಪ್‌ನಲ್ಲಿ ಕೆಲಸಕ್ಕೆ ಹಚ್ಚಿದ್ದೀರಿ. ಓದಿದವರು 'ಚೆನ್ನಾಗಿದೆ, ಆದರೆ ಇವನು ಅವನಲ್ಲ' ಅನ್ನುತ್ತಿದ್ದಾರೆ. ಎಯು, ಅಂದರೆ ಅದೇ ಪಾತ್ರಗಳನ್ನು ಬೇರೆ ಲೋಕದಲ್ಲಿಡುವ ಆಲ್ಟರ್ನೇಟ್ ಯೂನಿವರ್ಸ್, ಅಂದ ಮೇಲೆ ಏನು ಬೇಕಾದರೂ ಬದಲಿಸಬಹುದು ಅಲ್ವಾ ಅಂತ ಕೇಳಿದ್ದೀರಿ.

ಬದಲಿಸಬಹುದು, ಯಾರೂ ತಡೆಯುವುದಿಲ್ಲ. ಆದರೆ ಓದುಗರು ಬಂದಿರುವುದು ಕಾಫಿ ಶಾಪ್ ನೋಡುವುದಕ್ಕಲ್ಲ, ಆ ಮನುಷ್ಯನನ್ನು ನೋಡುವುದಕ್ಕೆ. ಲೋಕ ಪೂರ್ತಿ ಬೇರೆಯಾದರೂ ಅವರಿಗೆ ಬೇಜಾರಿಲ್ಲ. ಅವನ ಗುರುತು ಸಿಗದಿದ್ದರೆ ಮಾತ್ರ ಓಓಸಿ (ಔಟ್ ಆಫ್ ಕ್ಯಾರೆಕ್ಟರ್, ಪಾತ್ರ ತನ್ನ ಸ್ವಭಾವ ಬಿಟ್ಟು ನಡೆಯುವುದು) ಅಂದುಬಿಡುತ್ತಾರೆ.

ನಿಮ್ಮ ಯೋಧ ಮೂಲ ಕತೆಯಲ್ಲಿ ಯಾರನ್ನೂ ನಂಬುವುದಿಲ್ಲ, ಯಾರ ಅಪ್ಪಣೆಯೂ ಅವನಿಗೆ ಸೇರುವುದಿಲ್ಲ, ಯಾವಾಗಲೂ ಬಾಗಿಲಿಗೆ ಮುಖ ಮಾಡಿ ಕೂರುತ್ತಾನೆ ಅಂದಿದ್ದೀರಿ. ಇದೆಲ್ಲ ಸುಮ್ನೆ ಬಂದದ್ದಲ್ಲ. ಸ್ವಂತ ತಮ್ಮನೇ ಮೋಸ ಮಾಡಿ ಸಿಂಹಾಸನ ಕಿತ್ತುಕೊಂಡಿದ್ದರಿಂದ ಬಂದದ್ದು. ನಿಮ್ಮ ಎಯುನಲ್ಲಿ ಸಿಂಹಾಸನವೂ ಇಲ್ಲ, ಮೋಸವೂ ಇಲ್ಲ. ಹಾಗಾಗಿ ಅವನು ಗಿರಾಕಿಗಳ ಜೊತೆ ನಗುನಗುತ್ತಾ ಹರಟೆ ಹೊಡೆಯುತ್ತಿದ್ದಾನೆ. ಒಳ್ಳೆಯ ಹುಡುಗ, ಆದರೆ ಬೇರೆ ಹುಡುಗ. ಇದರ ಉಲ್ಟಾ ಇನ್ನೂ ಜಾಸ್ತಿ ಕಾಣುತ್ತದೆ: ಕಾರಣ ಇಲ್ಲ, ಸಿಡುಕು ಮಾತ್ರ ಉಳಿದಿದೆ. ಆಗ ಅವನು ಯೋಧನಾಗಿ ಕಾಣುವುದಿಲ್ಲ, ಒರಟನಾಗಿ ಕಾಣುತ್ತಾನೆ.

ನಾನಾಗಿದ್ದರೆ ತಮ್ಮನ ಮೋಸದಿಂದಾದ ಆ ಗಾಯಕ್ಕೆ ಹೊಸ ಲೋಕದಲ್ಲಿ ಜಾಗ ಹುಡುಕುತ್ತಿದ್ದೆ. ಉದಾಹರಣೆಗೆ, ಆ ಅಂಗಡಿ ಮೊದಲು ಅವನ ಮನೆಯವರದ್ದೇ ಆಗಿತ್ತು ಅಂದುಕೊಳ್ಳಿ. ತಮ್ಮ ಅವನಿಗೆ ಗೊತ್ತಿಲ್ಲದೆ ಅದನ್ನು ಮಾರಿದ. ಈಗ ಅವನು ಅದೇ ಕೌಂಟರಿನ ಹಿಂದೆ, ಹೊಸ ಮಾಲೀಕನ ಕೈಕೆಳಗೆ ಸಂಬಳಕ್ಕೆ ನಿಂತಿದ್ದಾನೆ. ಕತ್ತಿ ಬೇಕಾಗಿಲ್ಲ. ಕಾಫಿ ಆರಿದೆ ಎಂದು ಯಾರೋ ದೂರಿದಾಗ ಅವನು 'ಸಾರಿ' ಅನ್ನುವ ರೀತಿಯಲ್ಲೇ ಓದುಗರಿಗೆ ಅವನು ಯಾರು ಅಂತ ಗೊತ್ತಾಗುತ್ತದೆ.

ಹಾಗಂತ ಎಲ್ಲದಕ್ಕೂ ಜೋಡಿ ಹುಡುಕಲು ಹೋಗಬೇಡಿ. ಸೇನಾಪತಿ ಮ್ಯಾನೇಜರ್ ಆದ, ಕುದುರೆ ಬೈಕ್ ಆಯಿತು, ರಾಜಗುರು ಅಕೌಂಟೆಂಟ್ ಆದ. ಮೊದಲ ಅಧ್ಯಾಯದಲ್ಲಿ ಮಜಾ ಕೊಡುತ್ತದೆ, ಮೂರನೆಯದಕ್ಕೆ ಬರುವಷ್ಟರಲ್ಲಿ ಹೊಂದಿಸಿ ಬರೆಯಿರಿ ಪ್ರಶ್ನೆ ಬಿಡಿಸಿದ ಹಾಗಾಗುತ್ತದೆ. ಅರ್ಧ ಜನರನ್ನು ಮೂಲ ಕತೆಯಲ್ಲೇ ಬಿಟ್ಟು ಬನ್ನಿ.

ತಮ್ಮ ಮೋಸ ಮಾಡದೇ ಇದ್ದಿದ್ದರೆ ಏನಾಗುತ್ತಿತ್ತು ಅಂತಲೂ ಬರೆಯುವ ಆಸೆ ಇದೆ ಅಂದಿದ್ದೀರಿ. ಅದು ಕ್ಯಾನನ್ ಡೈವರ್ಜೆನ್ಸ್. ಲೋಕ ಅದೇ, ಒಂದು ಘಟನೆ ಮಾತ್ರ ಬೇರೆ. ನನ್ನ ಪ್ರಕಾರ ಇದು ಕಾಫಿ ಶಾಪ್‌ಗಿಂತ ಕಷ್ಟ, ಯಾಕೆಂದರೆ ಆ ಒಂದು ಬದಲಾವಣೆಯ ಲೆಕ್ಕ ಕೊನೆಯವರೆಗೂ ಕೊಡಬೇಕು. ತಮ್ಮ ನಿಯತ್ತಾಗಿದ್ದರೆ ನಾಯಕ ಕಾಡಿಗೆ ಹೋಗುವುದಿಲ್ಲ. ಕಾಡಿಗೆ ಹೋಗದಿದ್ದರೆ ಅಲ್ಲಿ ಸಿಕ್ಕ ಗೆಳತಿ ಸಿಗುವುದಿಲ್ಲ. ಬಹಳಷ್ಟು ಜನ ತಮ್ಮನನ್ನು ಒಳ್ಳೆಯವನನ್ನಾಗಿ ಮಾಡಿ, ಆ ಗೆಳತಿಯನ್ನೂ ಹೇಗೋ ಅರಮನೆಗೆ ಕರೆತಂದುಬಿಡುತ್ತಾರೆ. ಅಲ್ಲಿ ಕತೆ ಸತ್ತುಹೋಗುತ್ತದೆ. ಒಂದನ್ನು ಉಳಿಸಿಕೊಂಡರೆ ಇನ್ನೊಂದು ಕೈಬಿಡಬೇಕು. ಬರೆಯಲು ಸಿಗುವ ಒಳ್ಳೆಯ ಸರಕು ಇರುವುದೇ ಅಲ್ಲಿ.

ಟ್ಯಾಗ್ ವಿಷಯ ಬೇಗ ಹೇಳಿಬಿಡುತ್ತೇನೆ. ಫ್ಯಾನ್ ಫಿಕ್ಷನ್ ಹಾಕುವ ಆರ್ಕೈವ್ ಆಫ್ ಅವರ್ ಓನ್ ಎಂಬ ವೆಬ್‌ಸೈಟಿನಲ್ಲಿ ಹಾಕುವುದಾದರೆ ಬರೀ 'ಎಯು' ಅಂತ ಬಿಡಬೇಡಿ, ಯಾವ ಬಗೆಯದ್ದು ಅಂತಲೂ ಹಾಕಿ. ಅಲ್ಲಿ ಸ್ವಯಂಸೇವಕರು ಒಂದೇ ಅರ್ಥದ ಬೇರೆ ಬೇರೆ ಟ್ಯಾಗ್‌ಗಳನ್ನು ಒಟ್ಟಿಗೆ ಜೋಡಿಸುತ್ತಾರೆ. ಹಾಗಾಗಿ ಕಾಫಿ ಶಾಪ್ ಕತೆಗಳನ್ನೇ ಹುಡುಕುವವರಿಗೆ ನಿಮ್ಮದು ಸಿಗುತ್ತದೆ, ಬೇಡದವರು ಫಿಲ್ಟರ್ ಮಾಡಿಕೊಳ್ಳುತ್ತಾರೆ.

ಇಷ್ಟಾದ ಮೇಲೂ ಆ ನಗುನಗುವ ಹುಡುಗನೇ ನಿಮಗೆ ಇಷ್ಟವಾಗಿದ್ದರೆ, ಅವನ ಹೆಸರು ಬದಲಿಸಿ ಸ್ವಂತ ಕತೆ ಮಾಡಿಕೊಳ್ಳಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. 2011ರಲ್ಲಿ ಬಂದ 'ಫಿಫ್ಟಿ ಶೇಡ್ಸ್ ಆಫ್ ಗ್ರೇ' ಶುರುವಾಗಿದ್ದು ರಕ್ತಪಿಶಾಚಿಗಳ ಕತೆಯಾದ 'ಟ್ವೈಲೈಟ್'ನ ಫ್ಯಾನ್ ಫಿಕ್ಷನ್ ಆಗಿ, ಅದೂ ರಕ್ತಪಿಶಾಚಿಗಳೇ ಇಲ್ಲದ ಎಯು ಆಗಿ. ಹೆಸರುಗಳು ಬದಲಾದವು, ಕಾದಂಬರಿಯಾಯಿತು. ಆ ಕಾದಂಬರಿ ನನಗೆ ಅಷ್ಟಕ್ಕಷ್ಟೇ, ಅದು ಬೇರೆ ಮಾತು. ನಿಮ್ಮ ಹುಡುಗನಿಗೂ ಆ ದಾರಿ ಇದೆ. ಆದರೆ ಯೋಧನ ಹೆಸರಲ್ಲೇ ಮುಂದುವರಿಸುತ್ತೀರಾದರೆ, ಮೊದಲು ಆ ಹರಟೆಯ ದೃಶ್ಯ ತೆಗೆಯಿರಿ. ಅಲ್ಲಿ ಅವನ ತಮ್ಮನೇ ಅಂಗಡಿಗೆ ಬಂದು ಕಾಫಿ ಕೇಳಲಿ.