ತಾರೀಖು ಹಾಕದ ಭವಿಷ್ಯ ಯಾರಿಗೆ ಬೇಕು?

ಓದುಗರ ಪತ್ರ: "ಹಳೆಯದನ್ನು ಕೆದಕುವುದೇ ನಿಮ್ಮ ಪತ್ರಿಕೆಯ ಕೆಲಸವಾಗಿದೆ. ಮುಂದೇನಾಗುತ್ತದೆ ಎಂದು ಬರೆಯುವವರೇ ಇಲ್ಲವೇ? ನಾನೇ ಹತ್ತು ಮಾತು ಬರೆದು ಕಳಿಸುತ್ತಿದ್ದೇನೆ. ಮುಂಬರುವ ವರ್ಷಗಳಲ್ಲಿ ಯಂತ್ರವೇ ವೈದ್ಯನಾಗುತ್ತದೆ, ದುಡಿಮೆಯ ಹೊತ್ತು ಅರ್ಧಕ್ಕಿಳಿಯುತ್ತದೆ, ಪಟ್ಟಣ ಸೇರಿದ ಮಕ್ಕಳು ಊರಿಗೆ ಮರಳುತ್ತಾರೆ, ಅಡಿಕೆಯ ಕಾಲ ಮುಗಿಯುತ್ತದೆ, ಹುಬ್ಬಳ್ಳಿಯ ರೈಲು ಘಟ್ಟ ಇಳಿದು ಅಂಕೋಲೆಗೆ ಬರುತ್ತದೆ... ಇವುಗಳಲ್ಲಿ ಎಷ್ಟನ್ನು ನೀವು ಒಪ್ಪುತ್ತೀರಿ?"
(ನಿವೃತ್ತ ಮುಖ್ಯೋಪಾಧ್ಯಾಯರು, ಕುಮಟಾ)

ಸಂಪಾದಕರ ಉತ್ತರ:

ಮಾಸ್ತರರೇ, ನಿಮ್ಮ ಅಕ್ಷರ ಈಗಲೂ ಕಾಪಿ ಪುಸ್ತಕದಷ್ಟು ದುಂಡಗಿದೆ. ಹತ್ತೂ ಮಾತುಗಳನ್ನು ಎರಡೆರಡು ಸಲ ಓದಿದೆ. ಒಂದಕ್ಕೂ ತಾರೀಖಿಲ್ಲ. "ಮುಂಬರುವ ವರ್ಷಗಳಲ್ಲಿ" ಎಂದರೆ ಯಾವ ವರ್ಷ? ಇಂಥ ಉತ್ತರ ಬರೆದ ಹುಡುಗನಿಗೆ ನೀವು ಸೊನ್ನೆ ಸುತ್ತುತ್ತಿದ್ದಿರಿ, ಕಿವಿ ಹಿಂಡುತ್ತಿದ್ದಿರೋ ಏನೋ.

ಜಗತ್ತು ವೇಗವಾಗಿ ಬದಲಾಗುತ್ತಿದೆ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಈ ಉತ್ತರವನ್ನೇ ಯಂತ್ರವೊಂದು ಬರೆದುಕೊಟ್ಟೀತು. ಅಷ್ಟು ಒಪ್ಪಿ ಮುಂದೆ ಹೋಗುತ್ತೇನೆ. ನನ್ನ ತಕರಾರು ಭವಿಷ್ಯ ನುಡಿಯುವವರ ಜಾಣತನದ ಬಗ್ಗೆ. ಅವರು ತಪ್ಪು ಹೇಳುತ್ತಾರೆ ಎಂದಲ್ಲ, ಸಿಕ್ಕಿಬೀಳದಂತೆ ಹೇಳುತ್ತಾರೆ. ಮೈಲಾರದ ಗೊರವಯ್ಯನೇ ವಾಸಿ. ವರ್ಷಕ್ಕೊಮ್ಮೆ ಬಿಲ್ಲೇರಿ ಒಂದೇ ಒಂದು ಕಾರಣಿಕ ನುಡಿದು ಕೆಳಗೆ ಬರುತ್ತಾನೆ. ನಮ್ಮ ಟಿವಿಯ ಪಂಡಿತರು ದಿನವಿಡೀ ನುಡಿದರೂ ಇಳಿಯುವುದಿಲ್ಲ.

ಸಿಕ್ಕಿಬೀಳಲು ಸಿದ್ಧರಿದ್ದವರ ಮೇಲೆ ನನಗೆ ವಿಶೇಷ ಪ್ರೀತಿ. ಜನಸಂಖ್ಯೆ ಏರಿದರೆ ಲೋಕದ ಸರಕೆಲ್ಲ ತುಟ್ಟಿಯಾಗುತ್ತದೆ ಎಂದು ಪಾಲ್ ಎರ್ಲಿಕ್ ಎಂಬ ಜೀವವಿಜ್ಞಾನಿ ಹೇಳುತ್ತಿದ್ದರು. ಇಲ್ಲ, ಅಗ್ಗವಾಗುತ್ತದೆ ಎಂದರು ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್. 1980ರಲ್ಲಿ ಇಬ್ಬರೂ ಬಾಜಿ ಕಟ್ಟಿದರು. ತಾಮ್ರ, ತವರ, ನಿಕ್ಕೆಲ್, ಕ್ರೋಮಿಯಂ, ಟಂಗ್‌ಸ್ಟನ್ ಐದೂ ಸೇರಿ ಸಾವಿರ ಡಾಲರಿನ ಲೋಹ, ಹತ್ತು ವರ್ಷದ ವಾಯಿದೆ. 1990ರಲ್ಲಿ ಬೆಲೆ ಇಳಿದಿತ್ತು. ಎರ್ಲಿಕ್ ಆ ವ್ಯತ್ಯಾಸದ 576 ಡಾಲರ್ 7 ಸೆಂಟಿನ ಚೆಕ್ ಅನ್ನು ಸೈಮನ್‌ಗೆ ಕಳಿಸಿದರು. ಬೇರೆ ಯಾವುದೋ ದಶಕವನ್ನು ಆರಿಸಿಕೊಂಡಿದ್ದರೆ ಅವರೇ ಗೆಲ್ಲುತ್ತಿದ್ದರು, ಆ ಮಾತು ಬೇರೆ. ಸೋತದ್ದು ಲೋಕಕ್ಕೆಲ್ಲ ಗೊತ್ತಾಯಿತಲ್ಲ, ಅದು ನನಗೆ ಹಿಡಿಸಿದ್ದು.

ದುಡಿಮೆಯ ಹೊತ್ತಿನ ಬಗ್ಗೆ ನೀವು ಬರೆದದ್ದನ್ನು 1930ರಲ್ಲೇ ಅರ್ಥಶಾಸ್ತ್ರಜ್ಞ ಕೇನ್ಸ್ ಬರೆದಿದ್ದರು. ನೂರು ವರ್ಷದಲ್ಲಿ ಮುಂದುವರಿದ ದೇಶಗಳ ಜೀವನಮಟ್ಟ ನಾಲ್ಕರಿಂದ ಎಂಟು ಪಟ್ಟು ಏರುತ್ತದೆ, ಮೊಮ್ಮಕ್ಕಳು ವಾರಕ್ಕೆ ಹದಿನೈದು ಗಂಟೆ ದುಡಿದರೆ ಸಾಕು ಎಂದು. ಸಂಪತ್ತಿನ ಲೆಕ್ಕ ಹೆಚ್ಚುಕಡಿಮೆ ಸರಿಹೋಯಿತು. ಬಿಡುವಿನ ಲೆಕ್ಕ ಪೂರ್ತಿ ತಪ್ಪಿತು. ಯಂತ್ರದಿಂದ ಉಳಿದ ಹೊತ್ತು ಯಾರ ಕೈಗೆ ಸೇರುತ್ತದೆ ಎನ್ನುವುದನ್ನು ಯಂತ್ರ ತೀರ್ಮಾನಿಸುವುದಿಲ್ಲ, ಮಾಲೀಕ ತೀರ್ಮಾನಿಸುತ್ತಾನೆ.

ಯಂತ್ರವೈದ್ಯನ ವಿಷಯಕ್ಕೆ ಬರೋಣ. ಕೃತಕ ಬುದ್ಧಿಮತ್ತೆಯ ದೊಡ್ಡ ವಿಜ್ಞಾನಿ ಜೆಫ್ರಿ ಹಿಂಟನ್ 2016ರಲ್ಲಿ ಒಂದು ಮಾತು ಹೇಳಿದರು: ಎಕ್ಸ್-ರೇ, ಸ್ಕ್ಯಾನ್ ಓದುವ ವೈದ್ಯರನ್ನು ತಯಾರು ಮಾಡುವುದನ್ನು ಈಗಲೇ ನಿಲ್ಲಿಸಿ, ಐದು ವರ್ಷದಲ್ಲಿ ಯಂತ್ರ ಅವರನ್ನು ಮೀರಿಸುತ್ತದೆ. ಐದು ವರ್ಷ ಯಾವತ್ತೋ ಕಳೆಯಿತು, ಆ ವೈದ್ಯರಿಗೆ ಬೇಡಿಕೆ ಇನ್ನೂ ತಗ್ಗಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಪ್ರಶ್ನೆಯೇ ಬೇರೆ. ಸ್ಕ್ಯಾನ್ ಓದುವವರು ಮನುಷ್ಯರೋ ಯಂತ್ರವೋ ಎಂಬುದು ಆಮೇಲಿನ ಮಾತು, ರಾತ್ರಿ ಹನ್ನೆರಡಕ್ಕೆ ತಲೆಗೆ ಪೆಟ್ಟು ಬಿದ್ದವನನ್ನು ಮಣಿಪಾಲಕ್ಕೋ ಹುಬ್ಬಳ್ಳಿಗೋ ಮಂಗಳೂರಿಗೋ ಸಾಗಿಸುವುದು ಯಾವಾಗ ತಪ್ಪುತ್ತದೆ? ಸುಸಜ್ಜಿತ ಆಸ್ಪತ್ರೆಯೊಂದನ್ನು ಕೊಡಿ ಎಂದು ಜಿಲ್ಲೆಯ ಜನ ಬೀದಿಗಿಳಿದು ಕೇಳಿದ್ದನ್ನು ನೀವೂ ಕಂಡಿದ್ದೀರಿ. ನಿಮ್ಮ ಹತ್ತರಲ್ಲಿ ಅದಕ್ಕೆ ಜಾಗವಿಲ್ಲ. ಭವಿಷ್ಯಕಾರರ ಕಣ್ಣಿಗೆ ಯಂತ್ರ ಕಾಣುತ್ತದೆ, ಕಡತ ಕಾಣುವುದಿಲ್ಲ.

ರೈಲನ್ನೇ ನೋಡಿ. ಕೊಂಕಣ ರೈಲ್ವೆಗೆ 1990ರಲ್ಲಿ ನಿಗಮವಾಯಿತು. ಸುರಂಗ, ಸೇತುವೆ, ಕುಸಿಯುವ ಮಣ್ಣು ಎಲ್ಲವನ್ನೂ ದಾಟಿ 1998ರ ಜನವರಿ 26ಕ್ಕೆ ಪೂರ್ತಿ ಮಾರ್ಗ ತೆರೆಯಿತು. ಅದೇ ದಶಕದಲ್ಲಿ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ ಕಾಡಿನ ಅನುಮತಿ, ಸಮಿತಿ, ನ್ಯಾಯಾಲಯ ಎಂದು ಇನ್ನೂ ಸುತ್ತುತ್ತಿದೆ. ಜಿಲ್ಲೆ ಒಂದೇ, ಘಟ್ಟ ಅದೇ, ಹಳಿಯ ಕಬ್ಬಿಣವೂ ಅದೇ. ಆ ಕಾಡು ಉಳಿಯಲೇಬೇಕು ಎನ್ನುವವರಿಗೂ ಬಲವಾದ ಕಾರಣಗಳಿವೆ. ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ರೈಲು ಬಂದೇಬಿಡುತ್ತದೆ ಎನ್ನುವುದು ಭವಿಷ್ಯವಲ್ಲ, ಹಾರೈಕೆ.

ತಾರೀಖು, ಜಾಗ, ಗಂಟೆ ಸಮೇತ ಭವಿಷ್ಯ ಹೇಳಿ ಬೈಸಿಕೊಳ್ಳುವವರು ನಮ್ಮಲ್ಲಿದ್ದಾರೆ. ಹವಾಮಾನ ಇಲಾಖೆಯವರು. ಅವರನ್ನು ಕಂಡರೆ ನಮಗೆ ನಗು. 1999ರ ಒಡಿಶಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರಲ್ಲಿ ಫೈಲಿನ್ ಅದೇ ಕರಾವಳಿಗೆ ಅಪ್ಪಳಿಸಿದಾಗ ಸಾವು ಹತ್ತಾರರಲ್ಲೇ ನಿಂತಿತು, ಏಕೆಂದರೆ ಮುನ್ಸೂಚನೆ ನಂಬಿ ಲಕ್ಷಾಂತರ ಜನರನ್ನು ಮೊದಲೇ ತೆರವುಗೊಳಿಸಿದ್ದರು. 2040ರ ಜಗತ್ತನ್ನು ಬಣ್ಣಿಸುವ ನೂರು ಭಾಷಣಗಳನ್ನು ಇಂಥ ಒಂದು ಬುಲೆಟಿನ್ನಿನ ಮುಂದೆ ನಿವಾಳಿಸಬೇಕು.

ಅಂಥ ಮುನ್ಸೂಚನೆ ನಮ್ಮ ಗುಡ್ಡಗಳಿಗೆ ಇರಲಿಲ್ಲ. 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜರಿದು ಗಂಗಾವಳಿ ನದಿಗೆ ಇಳಿಯಿತು. ಮೂರು ವಾರ ಕಳೆಯುವಷ್ಟರಲ್ಲಿ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಮಧ್ಯರಾತ್ರಿ ಕುಸಿಯಿತು. ಗುಡ್ಡದ ಬುಡ ಕಡಿದರೆ ಮಳೆಗಾಲದಲ್ಲಿ ಏನಾಗುತ್ತದೆ ಎಂದು ಹೇಳಲು ಜ್ಯೋತಿಷಿ ಬೇಕಿರಲಿಲ್ಲ. ಯಾವ ಗುಡ್ಡ, ಯಾವ ವಾರ, ಯಾರನ್ನು ಎಬ್ಬಿಸಬೇಕು ಎಂದು ಹೇಳುವವರು ಬೇಕಿತ್ತು. ಆ ಕೆಲಸಕ್ಕೆ ಹಣವಿಲ್ಲ, "ಭವಿಷ್ಯದ ಭಾರತ" ಎಂಬ ಹೆಸರಿನ ವಿಚಾರ ಸಂಕಿರಣಕ್ಕೆ ಎಷ್ಟು ಬೇಕಾದರೂ ಇದೆ. ಪತ್ರಿಕೆಗಳೂ ಕಡಿಮೆಯಿಲ್ಲ. ಜನವರಿಯಲ್ಲಿ ವರ್ಷಭವಿಷ್ಯ ಅಚ್ಚು ಹಾಕುತ್ತವೆ, ಡಿಸೆಂಬರಿನಲ್ಲಿ ಅದನ್ನು ತೆಗೆದು ನೋಡುವ ಸಂಪಾದಕರನ್ನು ನಾನಂತೂ ಕಂಡಿಲ್ಲ.

ನನ್ನ ಸರದಿ. 2036ರ ಶಿರಸಿ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಹೀಗಿರುತ್ತದೆ ಎನ್ನುತ್ತೇನೆ. ಹುಬ್ಬಳ್ಳಿಯಿಂದ ಹೊರಟ ರೈಲು ಅಂಕೋಲೆ ತಲುಪಿರುವುದಿಲ್ಲ. ಅಡಿಕೆ ಇದ್ದೇ ಇರುತ್ತದೆ. ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗ 2004ರಲ್ಲೇ ಸಾರಿತು, ಎಲೆಚುಕ್ಕಿ ರೋಗ ತೋಟಗಳನ್ನು ಹಿಂಡುತ್ತಿದೆ, ಆದರೂ ಬೆಳೆ ಬಯಲುಸೀಮೆಗೂ ಹಬ್ಬಿತು. ಮರ ಹತ್ತುವ ಕೊನೆಗೌಡ ಮಾತ್ರ ಸಿಗುವುದಿಲ್ಲ. ತೋಟದಲ್ಲಿ ಕೊನೆ ಇಳಿಸುವುದು, ಮದ್ದು ಹೊಡೆಯುವುದು ನೆಲದ ಮೇಲೆ ನಿಂತು ದೋಟಿಯಿಂದಲೇ. ಮಕ್ಕಳು ಮರಳುತ್ತಾರೆ ಎಂಬ ನಿಮ್ಮ ಮಾತಿಗೆ ನನ್ನ ಒಪ್ಪಿಗೆ ಇಲ್ಲ. 2020ರಲ್ಲಿ ಬಂದಿದ್ದರು, ಸಿಗ್ನಲ್ ಹುಡುಕಿ ಗುಡ್ಡದ ತಲೆಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕುಳಿತಿದ್ದರು, ಕಚೇರಿ ಕರೆದೊಡನೆ ಹೋದರು. ಹೆಚ್ಚಿನ ಮನೆಗಳಲ್ಲಿ ಉಳಿಯುವುದು ಇಬ್ಬರು ವೃದ್ಧರು. ನಿಮ್ಮ ಯಂತ್ರವೈದ್ಯ ಬರುವುದಾದರೆ ಮೊದಲು ಅವರ ಬಾಗಿಲಿಗೆ ಬರಲಿ.

ನಿಮ್ಮ ಹತ್ತಕ್ಕೂ ಇಸವಿ ಬರೆದು ಮತ್ತೆ ಕಳಿಸಿ, ನನ್ನವುಗಳ ಪಕ್ಕದಲ್ಲೇ ಅಚ್ಚು ಹಾಕುತ್ತೇನೆ. ಇತರ ಓದುಗರೂ ಕಳಿಸಬಹುದು. ಚಿನ್ನದ ಬೆಲೆ ಮತ್ತು ಮುಂದಿನ ಮುಖ್ಯಮಂತ್ರಿ, ಈ ಎರಡು ವಿಷಯ ಬೇಡ. ಅವಕ್ಕೆ ಈಗಾಗಲೇ ಬಸ್ ನಿಲ್ದಾಣದಲ್ಲಿ ಸಾಕಷ್ಟು ತಜ್ಞರಿದ್ದಾರೆ.