ಹಳೆಯ ದಾಖಲೆಗಳನ್ನು ಚಿಕ್ಕದಾಗಿ ಚಿತ್ರಿಸಿಟ್ಟ ಮೈಕ್ರೋಫಿಲ್ಮ್ ಸುರುಳಿಗಳು ವಿನೆಗರ್ ವಾಸನೆ ಹೊಡೆಯುತ್ತಿವೆ. ವಾಸನೆ ಹೋಗಿಸುವುದು ಹೇಗೆ? ಎಲ್ಲವನ್ನೂ ಕೂಡಲೇ ಸ್ಕ್ಯಾನ್ ಮಾಡಿಸಬೇಕೇ?

ವಾಸನೆ ಹೋಗಿಸುವ ಯೋಚನೆ ಬಿಡಿ. ನಾನು ಎಡವಿದ್ದೇ ಅಲ್ಲಿ. ನಾರುತ್ತಿದ್ದ ಸುರುಳಿಗಳನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿಯಾಡದಂತೆ ಮುಚ್ಚಿ, ಅದೇ ಕೋಣೆಯಲ್ಲಿಟ್ಟೆ. ವಾಸನೆ ನಿಂತಿತು, ಫಿಲ್ಮ್ ಇನ್ನೂ ಬೇಗ ಹಾಳಾಯಿತು.

ಅಸಿಟೇಟ್ ಫಿಲ್ಮು ತೇವ ಮತ್ತು ಶಾಖಕ್ಕೆ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲವೇ ಮುಂದಿನ ಒಡೆತಕ್ಕೆ ಕುಮ್ಮಕ್ಕು. ತೆರೆದಿದ್ದರೆ ಒಂದಷ್ಟು ಹೊರಗೆ ಹೋಗುತ್ತಿತ್ತು. ನಾನು ಅಷ್ಟನ್ನೂ ಒಳಗೇ ಕೂಡಿಹಾಕಿದ್ದೆ. ಬಿಚ್ಚಿ ನೋಡಿದರೆ ಅಂಚು ಅಲೆಅಲೆ, ಓದುವ ಯಂತ್ರದ (ರೀಡರ್) ಗಾಜಿನಡಿ ಚಪ್ಪಟೆ ಕೂರುತ್ತಿಲ್ಲ, ಮೇಲೆಲ್ಲ ಬಿಳಿ ಪುಡಿ. ಅದು ಬೂಷ್ಟಲ್ಲ, ಫಿಲ್ಮನ್ನು ಮೆದುವಾಗಿಡುವ ಪ್ಲಾಸ್ಟಿಸೈಜರ್ ಹೊರಗೆ ಬಂದಿದ್ದು. ಚೀಲ ಕಟ್ಟಿದ್ದು ತಪ್ಪಲ್ಲ, ಕಟ್ಟಿ ಫ್ರೀಜರಿಗೆ ಹಾಕದೆ ಬಿಟ್ಟಿದ್ದು ತಪ್ಪು.

ಮೂಗನ್ನೂ ನಂಬಬೇಡಿ. ಒಂದು ಸುರುಳಿ ಕೆಟ್ಟರೆ ಇಡೀ ಡ್ರಾಯರ್ ನಾರುತ್ತದೆ. ಮೊದಲು ಸುರುಳಿಯನ್ನು ಬೆಳಕಿಗೆ ಅಡ್ಡ ಹಿಡಿದು ಪಕ್ಕದಿಂದ ನೋಡಿ: ಬೆಳಕು ಹಾಯ್ದರೆ ಪಾಲಿಯೆಸ್ಟರ್, ಅದಕ್ಕೆ ಈ ರೋಗವಿಲ್ಲ. ಹಾಯದಿದ್ದರೆ ಅಸಿಟೇಟ್. ಅವುಗಳ ಡಬ್ಬಿಗೆ ಒಂದೊಂದು ಎ-ಡಿ ಪಟ್ಟಿ (ಆಮ್ಲ ತಗುಲಿದರೆ ಬಣ್ಣ ಬದಲಿಸುವ ಕಾಗದ) ಹಾಕಿ ಮುಚ್ಚಿ, ಕೋಣೆಯ ಉಷ್ಣತೆಯಲ್ಲಿ ಕನಿಷ್ಠ 24 ಗಂಟೆ ಬಿಡಿ. ತೆಗೆದ ಕೂಡಲೇ ಬಣ್ಣ ಹೋಲಿಸಿ. ನೀಲಿ ಇದ್ದರೆ ಸರಿ, ಹಸಿರಿಗೆ ತಿರುಗಿದ್ದರೆ ಶುರುವಾಗಿದೆ, ಹಳದಿ ಎಂದರೆ ಕೈಮೀರುತ್ತಿದೆ. ಪಟ್ಟಿಯ ಬಣ್ಣಗಳಿಗೆ 0ಯಿಂದ 3ರವರೆಗೆ ಅಂಕ ಇರುತ್ತದೆ; 1.5ರ ಹಂತದಿಂದ ಹಾಳಾಗುವ ಓಟ ಜೋರು. ಅದನ್ನು ದಾಟಿದ್ದನ್ನು ಉಳಿದವುಗಳಿಂದ ಬೇರೆ ಕೋಣೆಗೆ ಸಾಗಿಸಿ.

ಕೆಂಪು-ಕಿತ್ತಳೆ ಚುಕ್ಕೆ ಕಂಡರೆ ಅದು ಬೇರೆಯೇ ಕಾಯಿಲೆ. ಕಳಪೆ ರಟ್ಟಿನ ಡಬ್ಬಿ, ಹೊಸ ಪೇಂಟಿನ ಆವಿ ಫಿಲ್ಮಿನ ಚಿತ್ರ ಮೂಡಿಸಿರುವ ಬೆಳ್ಳಿಯನ್ನು ಆಕ್ಸಿಡೀಕರಿಸಿರುತ್ತವೆ. ಡಬ್ಬಿ ಬದಲಿಸಿ. ರಬ್ಬರ್ ಬ್ಯಾಂಡ್ ಇದ್ದರೆ ಇವತ್ತೇ ಕಿತ್ತೆಸೆಯಿರಿ, ಅದರಲ್ಲಿ ಗಂಧಕವಿದೆ.

ಎಲ್ಲವನ್ನೂ ಸ್ಕ್ಯಾನ್ ಮಾಡಿಸುವುದು ದುಡ್ಡು ದಂಡ. ಬೇರೆ ಕಡೆ ಒಳ್ಳೆಯ ಮಾಸ್ಟರ್ (ನಕಲು ತೆಗೆಯುವ ಮೂಲಪ್ರತಿ) ಇರುವ ಓದುಪ್ರತಿಗೆ ಖರ್ಚೇ ಬೇಡ. ಒಂದೇ ಪ್ರತಿ ಇರುವ ಮಾಸ್ಟರ್ ನೆಗೆಟಿವ್, ಅದರಲ್ಲೂ ಕುಗ್ಗಲು ಶುರುವಾಗಿದ್ದು, ಮೊದಲು ಹೋಗಲಿ. ಸುಮಾರು ಶೇ. 1ರಷ್ಟು ಕುಗ್ಗಿದರೆ ನಕಲು ತೆಗೆಯುವುದೇ ಕಷ್ಟ. ಸ್ಕ್ಯಾನ್ ಓದಲಿಕ್ಕೆ, ಉಳಿಸಲಿಕ್ಕೆ ಪಾಲಿಯೆಸ್ಟರಿನ ಸಿಲ್ವರ್ ಫಿಲ್ಮಿಗೆ ನಕಲು ತೆಗೆಸಿ.

ಸರದಿ ಬರುವವರೆಗೆ ಉಳಿದವು ಫ್ರೀಜರಿನಲ್ಲಿರಲಿ. ತೇವಾಂಶ ಶೇ. 50 ಮೀರದ ಕೋಣೆಯಲ್ಲಿ ಒಣಗಿದ ಮೇಲೆ, ಒಂದರೊಳಗೊಂದು ಎರಡು ಜಿಪ್ ಚೀಲ, ನಡುವೆ ತೇವಾಂಶ ತೋರಿಸುವ ಕಾರ್ಡ್. ಹೊರತೆಗೆದಾಗ ಒಂದು ದಿನ ಚೀಲ ಬಿಚ್ಚಬೇಡಿ, ತಣ್ಣಗಿನ ಫಿಲ್ಮಿನ ಮೇಲೆ ನೀರು ಕೂತು, ಚಿತ್ರವಿರುವ ಜೆಲಟಿನ್ ಪದರ ಅಂಟಿಕೊಳ್ಳುತ್ತದೆ.