ಓದುಗರ ಪ್ರಶ್ನೆ: ಕಡತದಲ್ಲಿ ಸಿಕ್ಕ ಯುದ್ಧನೌಕೆ

ಪ್ರಶ್ನೆ: 1941ರಲ್ಲಿ ಮುಳುಗಿದ ಆಸ್ಟ್ರೇಲಿಯದ ಯುದ್ಧನೌಕೆ ‘ಸಿಡ್ನಿ’ಯಲ್ಲಿದ್ದ 645 ಮಂದಿಯಲ್ಲಿ ಒಬ್ಬರೂ ಬದುಕಲಿಲ್ಲ. ಆದರೂ ಹಳೇ ಕಡತಗಳಿಂದಲೇ ಜಾಗ ಪತ್ತೆ ಹಚ್ಚಿದರಂತೆ. ಹೇಗೆ? ಅಂಥ ಕಡತ ನಾವೂ ನೋಡಬಹುದೇ?
– ಓದುಗರು, ಕಾರವಾರ

ಉತ್ತರ: ಸಿಡ್ನಿಯ ಲಾಗ್‌ಬುಕ್ (ಪಯಣದ ದಿನಚರಿ ಪುಸ್ತಕ) ಹಡಗಿನ ಜೊತೆಗೇ ಹೋಯಿತು. ಉಳಿದದ್ದು ಎದುರಾಳಿಗಳ ಮಾತು. ನವೆಂಬರ್ 19ರ ಸಂಜೆ ಅದರೊಡನೆ ಕಾದಾಡಿದ ಜರ್ಮನ್ ಹಡಗು ‘ಕೊರ್ಮೊರಾನ್’ ಕೂಡ ಅದೇ ರಾತ್ರಿ ಮುಳುಗಿತು. ಆದರೆ ಅದರ ಮುನ್ನೂರಕ್ಕೂ ಹೆಚ್ಚು ಮಂದಿ ಬದುಕಿ ಸೆರೆಸಿಕ್ಕರು. ವಿಚಾರಣೆಯಲ್ಲಿ ಹಲವರು ಹೇಳಿದ ಜಾಗ ಒಂದೇ: ದಕ್ಷಿಣ ಅಕ್ಷಾಂಶ 26, ಪೂರ್ವ ರೇಖಾಂಶ 111 ಡಿಗ್ರಿ. ಇಷ್ಟು ದುಂಡು ಸಂಖ್ಯೆ ಬಾಯಿಪಾಠ ಮಾಡಿಸಿದ್ದೇ ಇರಬೇಕು ಎಂದು ಅನೇಕರು ಅವರ ಮಾತನ್ನು ನಂಬಲಿಲ್ಲ.

ದುಂಡು ಸಂಖ್ಯೆಯನ್ನು ತಳ್ಳಿಹಾಕಬಾರದು, ಅದರೊಳಗಿನ ತಪ್ಪಿನ ಅಳತೆ ತೆಗೆಯಬೇಕು. ಪೂರ್ಣ ಡಿಗ್ರಿಗೆ ಇಳಿಸಿದ ಸ್ಥಾನ ಅತ್ತಿತ್ತ 30 ಮಿನಿಟು (ಡಿಗ್ರಿಯ ಅರವತ್ತನೇ ಒಂದು ಭಾಗವೇ ಒಂದು ಮಿನಿಟು) ತಪ್ಪಿರಬಹುದು. ಅಕ್ಷಾಂಶದ ಒಂದು ಮಿನಿಟು ಎಂದರೆ ಒಂದು ನಾಟಿಕಲ್ ಮೈಲಿ, 1,852 ಮೀಟರ್. ರೇಖಾಂಶದ್ದು ಅಲ್ಲಿ ಸುಮಾರು 1,665 ಮೀಟರ್. ಅಂದರೆ ಉತ್ತರ–ದಕ್ಷಿಣಕ್ಕೆ 30, ಪೂರ್ವ–ಪಶ್ಚಿಮಕ್ಕೆ 27 ನಾಟಿಕಲ್ ಮೈಲಿಯೊಳಗೆ ಹುಡುಕಬೇಕು. 2008ರ ಮಾರ್ಚ್ 12ರಂದು ಕೊರ್ಮೊರಾನ್ ಸಿಕ್ಕಿದ್ದು ಆ ಬಿಂದುವಿನಿಂದ ಏಳೆಂಟು ಮೈಲಿಯಲ್ಲೇ! ನಾಲ್ಕು ದಿನದ ನಂತರ ಸಿಡ್ನಿಯೂ ಸಿಕ್ಕಿತು, ಸುಮಾರು 2,470 ಮೀಟರ್ ಆಳದಲ್ಲಿ. ಸೆರೆಯಾಳುಗಳನ್ನು ಸುಳ್ಳರೆಂದದ್ದು ಅನ್ಯಾಯವಾಗಿತ್ತು.

ಕೊರ್ಮೊರಾನ್‌ನ ಕ್ಯಾಪ್ಟನ್ ಡೆಟ್ಮರ್ಸ್ ಸೆರೆಯಲ್ಲಿದ್ದಾಗ ಜರ್ಮನ್–ಇಂಗ್ಲಿಷ್ ನಿಘಂಟಿನ ಅಕ್ಷರಗಳ ಕೆಳಗೆ ಸಣ್ಣ ಚುಕ್ಕಿ ಇಡುತ್ತಾ ಕಾಳಗದ ವಿವರವನ್ನು ಅಡಗಿಸಿಟ್ಟಿದ್ದರು. ಚುಕ್ಕಿಯಿರುವ ಅಕ್ಷರಗಳನ್ನಷ್ಟೇ ಸಾಲಾಗಿ ಬರೆದುಕೊಂಡರೆ ವರದಿ ಸಿಗುತ್ತದೆ. ವಿಚಾರಣಾಧಿಕಾರಿಗಳ ಕಣ್ಣಿಗೆ ಬೀಳಬಾರದೆಂದೇ ಬರೆದದ್ದಾದ್ದರಿಂದ ಅದರ ತೂಕ ಬೇರೆ.

ಇಂಥ ಕಡತ ಓದುವಾಗ ಎಡವುವುದು ಸಾಮಾನ್ಯವಾಗಿ ಇಲ್ಲಿ: ಹೇಳಿದ ಸ್ಥಾನ ಯಾವುದರದ್ದು? ಎದುರಾಳಿ ಕಂಡದ್ದೋ, ಗುಂಡು ಹಾರಿದ್ದೋ, ಹಡಗು ಮುಳುಗಿದ್ದೋ? ಕಾಳಗ ಶುರುವಾದದ್ದು ಸಂಜೆ ಐದೂವರೆಗೆ, ಕೊರ್ಮೊರಾನ್ ಮುಳುಗಿದ್ದು ನಡುರಾತ್ರಿಯ ನಂತರ. ಹಡಗಿನ ಗಡಿಯಾರಗಳೂ ಬೇರೆ ಬೇರೆ; ಮೊದಲು ಎಲ್ಲವನ್ನೂ ಗ್ರೀನಿಚ್ ವೇಳೆಗೆ ತನ್ನಿ. ಜರ್ಮನರ ಮೀಟರನ್ನೂ ಬ್ರಿಟಿಷರ ಗಜವನ್ನೂ (0.9144 ಮೀಟರ್) ಬೆರೆಸಬೇಡಿ. ಒಂದೇ ಶಿಬಿರದಲ್ಲಿ ಕೂತು ಮಾತಾಡಿಕೊಂಡ ಹತ್ತು ಜನರ ಹೇಳಿಕೆಯನ್ನು ಹತ್ತು ಸಾಕ್ಷಿ ಎಂದು ಎಣಿಸುವಂತಿಲ್ಲ. ಬೇಗ ದಾಖಲಾದದ್ದಕ್ಕೇ ಮೊದಲ ಮಣೆ.

ಮನೆಯಿಂದ ನೋಡಬಹುದು. ಆಸ್ಟ್ರೇಲಿಯದ ನ್ಯಾಷನಲ್ ಆರ್ಕೈವ್ಸ್‌ನ ‘ರೆಕಾರ್ಡ್‌ಸರ್ಚ್’ನಲ್ಲಿ ಸ್ಕ್ಯಾನ್ ಆದ ಕಡತಗಳಿಗೆ ದುಡ್ಡಿಲ್ಲ. ‘ಸಿಡ್ನಿ’ ಎಂದಷ್ಟೇ ಹುಡುಕಿದರೆ ನಗರದ ಕಡತಗಳೇ ರಾಶಿ ಬೀಳುತ್ತವೆ. ‘ಕೊರ್ಮೊರಾನ್’, ‘ಡೆಟ್ಮರ್ಸ್’, ಆ ಹಡಗು ಹಾಕಿಕೊಂಡಿದ್ದ ಸುಳ್ಳು ಡಚ್ ಹೆಸರು ‘ಸ್ಟ್ರಾಟ್ ಮಲಕ್ಕ’, ಹೀಗೆ ಇಂಗ್ಲಿಷಿನಲ್ಲಿ ಒಂದೊಂದಾಗಿ ಹಾಕಿ ನೋಡಿ. ಸಿಕ್ಕ ಕಡತದ ಸರಣಿ ಸಂಖ್ಯೆಯನ್ನು ಕೂಡಲೇ ಬರೆದಿಟ್ಟುಕೊಳ್ಳಿ. ಅದೇ ಸರಣಿಯ ಅಕ್ಕಪಕ್ಕದ ಕಡತಗಳಲ್ಲೂ ಬೇಕಾದ್ದು ಇರುವುದುಂಟು.